ಬೇಸಿಗೆ ಮನೆ

ಬ್ಯಾಂಕಿನಿಂದ ಬಂದ ಇಂಜಿನಿಯರ್ ಬೆರಳಿನ ಗೆಣ್ಣಿನಿಂದ ಗೋಡೆಗೆ ಎರಡು ಸಲ ತಟ್ಟಿದ. ಠಣ್ ಠಣ್ ಎಂದಿತು. ಕೆಲಸ ಕೆಟ್ಟಿತು ಎಂದುಕೊಂಡೆ.

"ಏನ್ರೀ ಇದು?"

"ಗೋಡೆ."

"ಗೋಡೆ ಅಂತ ನಂಗೂ ಕಾಣುತ್ತೆ. ಯಾವುದ್ರದ್ದು?"

"ಕಬ್ಬಿಣದ್ದು. ಐದು ಮಿಲಿಮೀಟರ್ ಪ್ಲೇಟು."

ಅವನು ಕೈಯಲ್ಲಿದ್ದ ಟ್ಯಾಬ್ ನೋಡಿದ. 'ಗೋಡೆ' ಎಂಬ ಸಾಲಿನ ಕೆಳಗೆ ನಾಲ್ಕು ಚೌಕಗಳಿದ್ದವು: ಇಟ್ಟಿಗೆ, ಕಲ್ಲು, ಕಾಂಕ್ರೀಟು, ಇತರೆ. 'ಇತರೆ' ಒತ್ತಿದ. ಮುಂದಿನ ಪುಟ ತೆರೆಯಲಿಲ್ಲ. ಮತ್ತೆ ಒತ್ತಿದ.

"ಇತರೆ ಅಂದ್ರೆ ಇದು ಮುಂದಕ್ಕೇ ಹೋಗಲ್ಲ ಮೇಡಂ" ಎಂದ, ತಪ್ಪು ನನ್ನದೇ ಎಂಬಂತೆ.

"ಮತ್ತೆ ಆ ಚೌಕ ಯಾಕಿಟ್ಟಿದಾರೆ?"

"ಇರಲಿ ಅಂತ."

ಹಾಲಿನ ತೊಟ್ಟಿ ತಯಾರಿಸುವ ಕಾರ್ಖಾನೆಯಲ್ಲಿ ಅಪ್ಪ ಇಪ್ಪತ್ತೇಳು ವರ್ಷ ವೆಲ್ಡರ್ ಆಗಿದ್ದ. ಅಲ್ಲಿ ಬೇಡವಾದ ಪ್ಲೇಟುಗಳನ್ನು ಒಂದೊಂದಾಗಿ ತಂದು ಈ ಮನೆ ಮಾಡಿದ. ಎರಡು ಕೋಣೆ, ಅಡುಗೆಮನೆ, ಬಚ್ಚಲು. ಮೊಳೆ ಹೊಡೆಯುವ ಹಾಗಿಲ್ಲ. ಕ್ಯಾಲೆಂಡರು, ಕನ್ನಡಿ, ಅಮ್ಮನ ಫೋಟೋ, ಎಲ್ಲವೂ ಹಳೆಯ ರೇಡಿಯೋಗಳ ಅಯಸ್ಕಾಂತಕ್ಕೆ ಅಂಟಿಕೊಂಡು ನಿಂತಿದ್ದವು. ಒಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಅಪ್ಪನಿಗೂ ಅಕ್ಕನಿಗೂ ಜಗಳ ನಿಲ್ಲುತ್ತಿದ್ದದ್ದು ಮಳೆ ಬಂದಾಗ ಮಾತ್ರ. ಬೀದಿಯವರು ಇದನ್ನು ಡಬ್ಬಿ ಮನೆ ಎನ್ನುತ್ತಿದ್ದರು. ಶಾಲೆಯಲ್ಲಿ ನಾನು ಡಬ್ಬಿ, ಅಕ್ಕ ಮುಚ್ಚಳ.

ಅಪ್ಪ ಎಂದೂ "ಮನೆ ಕಟ್ಟಿದೆ" ಎನ್ನಲಿಲ್ಲ. "ಕಟ್ಟೋರು ಗಾರೆಯವರು. ನಾನು ಬೆಸೆದೋನು" ಎನ್ನುತ್ತಿದ್ದ. ಈ ಒಂದು ಜಂಬ ನಮಗೆ ಎಷ್ಟು ದುಬಾರಿಯಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಅಪ್ಪ ಹೋಗಿ ವರ್ಷವಾಗಿತ್ತು. ನನಗೆ ಈ ಮನೆ ಮಾರಲೇಬೇಕಿತ್ತು. ಆರು ವರ್ಷದಿಂದ ನಾನು ಟೈಪಿಂಗ್ ಮಾಡುತ್ತಿದ್ದ ಜೆರಾಕ್ಸ್ ಅಂಗಡಿಯ ಯಜಮಾನರು ಅಂಗಡಿ ಬಿಡುವವರಿದ್ದರು. "ತಿಂಗಳ ಕೊನೇವರೆಗೂ ನಿನಗೋಸ್ಕರ ಕಾಯ್ತೀನಿ. ಆಮೇಲೆ ಮೊಬೈಲ್ ಕವರ್ ಮಾರೋನಿಗೆ ಕೊಟ್ಟುಬಿಡ್ತೀನಿ" ಎಂದಿದ್ದರು. ಅವರು ಸುಮ್ಮನೆ ಹೆದರಿಸುವವರಲ್ಲ. ಕವರಿನವನು ಆಗಲೇ ಬಂದು ಬಾಗಿಲಿನ ಅಗಲ ಅಳೆದುಕೊಂಡು ಹೋಗಿದ್ದ.

ಕೊಳ್ಳುವವರು ಇರಲಿಲ್ಲ ಎಂದಲ್ಲ. ಹಿಂದಿನ ಬೀದಿಯ ಆಸ್ಪತ್ರೆಯ ನರ್ಸ್ ಒಬ್ಬರು ಮನೆ ನೋಡಿ ಒಪ್ಪಿದ್ದರು. "ಕಬ್ಬಿಣ ಆದ್ರೇನು, ಗೆದ್ದಲು ಹಿಡಿಯಲ್ಲ. ಡ್ಯೂಟಿ ಮುಗಿಸಿ ಎರಡು ನಿಮಿಷಕ್ಕೆ ಬಂದು ಬೀಳಬಹುದು" ಎಂದರು. ಆದರೆ ಸಾಲ ಸಿಕ್ಕಿದರೆ ಮಾತ್ರ.

ಮೊದಲ ಬ್ಯಾಂಕು 'ಇತರೆ'ಯಲ್ಲೇ ಸಿಕ್ಕಿಹಾಕಿಕೊಂಡಿತು. ಎರಡನೆಯ ಬ್ಯಾಂಕಿನ ಸಾಲದ ಅಧಿಕಾರಿ ಮನೆಯ ಕಡೆ ತಲೆಹಾಕದೆ ಕಾಗದ ಮಾತ್ರ ನೋಡಿದರು. ಪುರಸಭೆಯ ದಾಖಲೆಯ ಮೇಲೆ ಪೆನ್ನಿನ ತುದಿ ಇಟ್ಟರು.

"ಇದು ಬೇಸಿಗೆ ಮನೆ ಅಲ್ವೇನಮ್ಮಾ?"

"ಏನು?"

"ನೀವೇ ಓದಿ. ಕಟ್ಟಡದ ವಿಧ: ಬೇಸಿಗೆ ಮನೆ. ವರ್ಷಕ್ಕೆ ಮೂರು ತಿಂಗಳು ಇರೋ ಮನೆಗೆ ನಾವು ಇಪ್ಪತ್ತು ವರ್ಷದ ಸಾಲ ಕೊಡೋಕಾಗುತ್ತಾ?"

ನನಗೆ ನಗಬೇಕೋ ಮೇಜು ಗುದ್ದಬೇಕೋ ತಿಳಿಯಲಿಲ್ಲ. ಅಪ್ಪ ಅರ್ಜಿಯಲ್ಲಿ 'ಬೆಸುಗೆ ಮನೆ' ಎಂದು ಬರೆದಿದ್ದ. ಅದನ್ನು ಯಾರೋ 'ಬೇಸಿಗೆ' ಎಂದು ಓದಿ ದಾಖಲೆಗೆ ಏರಿಸಿದ್ದರು. ಬೇಸಿಗೆಯಲ್ಲಿ ಆ ಮನೆಯೊಳಗೆ ಒಂದು ಮಧ್ಯಾಹ್ನ ಕಳೆದವರು ಯಾರೂ ಈ ತಪ್ಪು ಮಾಡಲಾರರು. ಆ ಮೂರು ತಿಂಗಳು ನಾವು ಅಂಗಳದಲ್ಲೇ ಮಲಗುತ್ತಿದ್ದೆವು.

ಸಂಜೆ ಅಕ್ಕನ ಮನೆಗೆ ಹೋದೆ. ಭಾವ ವಿಮೆ ಏಜೆಂಟ್. ಅವರ ಹತ್ತಿರ ಎಲ್ಲದಕ್ಕೂ ಒಂದು ಉಪಾಯ ಇರುತ್ತದೆ.

"ಹೇಗೂ ತಿದ್ದಿಸ್ತೀಯಲ್ಲ, ಇಟ್ಟಿಗೆ ಅಂತಾನೇ ಬರೆಸಿಬಿಡು. ಬೆಸುಗೆ, ಬೇಸಿಗೆ, ಇಟ್ಟಿಗೆ. ಎಲ್ಲದರ ಬಾಲದಲ್ಲೂ 'ಗೆ' ಇದೆ."

"ತಟ್ಟಿದ್ರೆ ಠಣ್ ಅನ್ನುತ್ತೆ ಭಾವ."

"ಒಳ್ಳೆ ಗಟ್ಟಿ ಇಟ್ಟಿಗೆ ಅನ್ನು."

"ನೀವು ಸುಮ್ನಿರ್ತೀರಾ?" ಎಂದು ಅಕ್ಕ ಗದರಿದಳು. ನನ್ನ ಕಡೆ ತಿರುಗಿ, "ಸಾಯೋವರೆಗೂ ನಮ್ಮ ಮಾತು ಕೇಳ್ಲಿಲ್ಲ. ಸತ್ತ ಮೇಲೂ ಕಾಟ ತಪ್ಪಲಿಲ್ಲ ನೋಡು" ಎಂದಳು. ಅವಳ ಸಿಟ್ಟು ನನಗೆ ಅರ್ಥವಾಯಿತು. ಮುಚ್ಚಳ ಎಂದು ಕರೆಸಿಕೊಂಡವಳು ಅವಳು.

ಅರ್ಜಿ ನಾನೇ ಟೈಪ್ ಮಾಡಿದೆ. ದಿನವಿಡೀ ಊರವರ ಅರ್ಜಿ ಟೈಪ್ ಮಾಡುವವಳು ನಾನು. ಒಂದು ಕಾಮಾ ಕೂಡ ತಪ್ಪಲಿಲ್ಲ. 'ಬೇಸಿಗೆ' ಎಂಬುದನ್ನು 'ಬೆಸುಗೆ' ಎಂದು ತಿದ್ದಿಕೊಡಬೇಕೆಂದು ಕೋರಿ, ಎರಡೂ ಪದಗಳಿಗೆ ಅಡಿಗೆರೆ ಎಳೆದೆ. ಹನ್ನೆರಡು ದಿನದಲ್ಲಿ ಐದು ಸಲ ಪುರಸಭೆಗೆ ಅಲೆದೆ. ಸಾಹೇಬರು ಸೀಟಿನಲ್ಲಿಲ್ಲ, ಸೀಲು ಇನ್ನೊಂದು ಕೋಣೆಯಲ್ಲಿದೆ, ಆ ಕೋಣೆಯ ಬೀಗದ ಕೈ ಸಾಹೇಬರ ಹತ್ತಿರ ಇದೆ. ಆರನೆಯ ಸಲ ಗುಮಾಸ್ತ ತಿದ್ದಿದ ದಾಖಲೆಯನ್ನು ಕೈಗಿಟ್ಟ.

ಕಟ್ಟಡದ ವಿಧ: ಬೇಸಗೆ ಮನೆ.

"ಇದೇನು ಸಾರ್?"

"ಯಾಕಮ್ಮಾ, ತಿದ್ದಿದೀವಲ್ಲ. 'ಸಿ' ತೆಗೆದು 'ಸ' ಮಾಡಿದೀವಿ. ಬೇಸಗೆನೂ ಸರಿ ಅಂತ ನಿಘಂಟು ನೋಡಿಯೇ ಮಾಡಿದ್ದು."

"ನಾನು ಕೇಳಿದ್ದು ಬೆಸುಗೆ. ವೆಲ್ಡಿಂಗು."

"ಮನೆಗೆ ಯಾರಮ್ಮಾ ವೆಲ್ಡಿಂಗ್ ಮಾಡ್ತಾರೆ?"

"ನಮ್ಮಪ್ಪ."

ಅವನು ನನ್ನನ್ನು ಕನಿಕರದಿಂದ ನೋಡಿ, "ಹೊಸದಾಗಿ ಇನ್ನೊಂದು ಅರ್ಜಿ ಕೊಡಿ" ಎಂದ.

ಆ ಕಾಗದ ಹಿಡಿದುಕೊಂಡೇ ಬ್ಯಾಂಕಿಗೆ ಹೋದೆ. ನರ್ಸ್ ಕೂಡ ಬಂದಿದ್ದರು. ಅಧಿಕಾರಿ ಓದಿ, ಕನ್ನಡಕ ತೆಗೆದು ಇಟ್ಟರು.

"ನೋಡಮ್ಮಾ, ಬೆಸುಗೆ ಅಂತ ಬರೆಸಿ ತಂದ್ರೂ ನಾನು ಕೊಡೋಕಾಗಲ್ಲ. ಕಬ್ಬಿಣದ ಮನೆ ನಮ್ಮ ಪಟ್ಟಿಯಲ್ಲೇ ಇಲ್ಲ. ಒಂದು ಮಾತು ಹೇಳ್ಲಾ? ಆ ಮನೆ ಇಲ್ಲದೇ ಇದ್ದಿದ್ರೆ ನಾಳೆನೇ ಸಾಲ ಕೊಡ್ತಿದ್ದೆ. ಖಾಲಿ ಸೈಟಿಗೆ ಯಾರೂ ಬಂದು ತಟ್ಟಿ ನೋಡಲ್ಲ. ತಾರೀಖು ಬಿದ್ದಿರೋ ಒಂದು ಫೋಟೋ ಸಾಕು."

ಅಂದರೆ, ಇರುವ ಮನೆಗಿಂತ ಇಲ್ಲದ ಮನೆಗೆ ಬೆಲೆ ಹೆಚ್ಚು. ನರ್ಸ್ ಜೊತೆ ಹೊರಗೆ ಮೆಟ್ಟಿಲಿಗೆ ಬಂದೆ.

"ಸಿಸ್ಟರ್, ನಿಮ್ಮ ಯೋಚನೆ ಏನು?"

"ಸೈಟೇ ತಗೋತೀನಿ. ಎರಡು ವರ್ಷ ಕಳೆದ ಮೇಲೆ ಇಟ್ಟಿಗೇಲಿ ಕಟ್ಟಿಸ್ತೀನಿ. ಚೆನ್ನಾಗಿರೋ ಮನೆ ಕೆಡವಿಸಿ ಅದರ ಜಾಗದಲ್ಲಿ ಮನೆ! ಇವರ ಬುದ್ಧಿಗಿಷ್ಟು." ಬ್ಯಾಂಕಿನ ಬಾಗಿಲ ಕಡೆ ತಿರುಗಿ ನೋಡಿದರು. "ಈ ತಿಂಗಳೊಳಗೆ ಖಾಲಿ ಆಗುತ್ತಾ?"

ಒಂಬತ್ತು ದಿನ ಉಳಿದಿದ್ದವು. ಆಗುತ್ತೆ ಎಂದೆ.

ಗುಜರಿಯವನ ಹತ್ತಿರ ಫಾರ್ಮೂ ಇಲ್ಲ, ಚೌಕವೂ ಇಲ್ಲ. ಬಂದ, ಗೋಡೆಗೆ ತಟ್ಟಿದ. ಆ ಠಣ್ ಶಬ್ದಕ್ಕೆ ಮುಖ ಅರಳಿದ ಮೊದಲ ಮನುಷ್ಯ ಅವನು. "ಮೂರು ದಿನ ಸಾಕಕ್ಕಾ" ಎಂದ.

ಮೂರನೆಯ ದಿನ ಚಾವಣಿಯ ಅರ್ಧ ಮಾತ್ರ ಇಳಿದಿತ್ತು. ಗ್ಯಾಸ್ ಕಟರ್ ಹಿಡಿದವನು ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ಕೆಳಗೆ ಬಂದ.

"ಯಾರಕ್ಕಾ ಇದನ್ನ ಮಾಡಿದ್ದು?"

"ಯಾಕೆ?"

"ಹಾಲಿನ ತೊಟ್ಟಿಗೆ ಹಾಕೋ ಸ್ಟೀಲ್ ರಾಡಲ್ಲಿ ಬೆಸುಗೆ ಹಾಕಿದಾರೆ. ಗ್ಯಾಸಿಗೆ ಅದು ಬಗ್ಗಲ್ಲ. ಪಕ್ಕದಲ್ಲೇ ಕತ್ತರಿಸಿಕೊಂಡು ಹೋಗಬೇಕು. ಒಳಗಡೆ ಗೇಣಿಗೊಂದು ಪಟ್ಟಿ ಬೇರೆ. ಮನೆಗೆ ಇಷ್ಟೆಲ್ಲಾ ಯಾರು ಮಾಡ್ತಾರೆ?"

ಇದೇ ಪ್ರಶ್ನೆಗೆ ಪುರಸಭೆಯಲ್ಲಿ ಉತ್ತರ ಕೊಟ್ಟು ಸಾಕಾಗಿತ್ತು. "ಬೇಗ ಮುಗಿಸಪ್ಪಾ" ಎಂದೆ.

ತಿಂಗಳ ಕೊನೆಯ ದಿನ ಮಧ್ಯಾಹ್ನ ಪಡುವಣ ಗೋಡೆಯೊಂದು ಉಳಿದಿತ್ತು. ಕಟರಿನವನ ಸಿಲಿಂಡರ್ ಖಾಲಿಯಾಗಿತ್ತು. ಹೊಸದು ಬರುವುದು ಮರುದಿನ. ನಾಲ್ಕು ಗಂಟೆಗೆ ಬ್ಯಾಂಕು ಮುಚ್ಚುತ್ತದೆ. ಅಂಗಡಿಯ ಯಜಮಾನರು ಎರಡು ಸಲ ಫೋನು ಮಾಡಿದ್ದರು. ಈಗ ಸಿಗ್ನಲ್ ಚೆನ್ನಾಗಿ ಬರುತ್ತಿತ್ತು.

"ಒಂದು ಗೋಡೆ ತಾನೇ. ಕಾಂಪೌಂಡು ಅನ್ನು" ಎಂದರು ಭಾವ.

ನಾನು ಸೈಟಿನ ನಾಲ್ಕೂ ಮೂಲೆಗೆ ಹೋಗಿ ನಿಂತು ನೋಡಿದೆ. ಎಲ್ಲಿಂದ ಹಿಡಿದರೂ ಆ ಗೋಡೆ ಚಿತ್ರದಲ್ಲಿ ಬರುತ್ತಿತ್ತು. ಕೊನೆಗೆ ನೇರವಾಗಿ ಗೋಡೆಯ ಹತ್ತಿರವೇ ಹೋದೆ. ಅದಕ್ಕೆ ಬೆನ್ನು ಕೊಟ್ಟು ನಿಂತೆ. ಬಿಸಿಲಿಗೆ ಕಾದ ಕಬ್ಬಿಣ ಬಟ್ಟೆಯೊಳಗಿಂದ ಚುರ್ ಎಂದಿತು. ಹಲ್ಲು ಕಚ್ಚಿ ಇನ್ನೂ ಒತ್ತಿ ನಿಂತು ಫೋನು ಎತ್ತಿದೆ. ಎದುರಿಗೆ ಬರೀ ನೆಲ, ಕಂಬ ಕಿತ್ತ ನಾಲ್ಕು ಗುಂಡಿ, ಆಚೆ ಬೀದಿ.

ಫೋಟೋ ತೆಗೆದೆ. ಅಂಗಡಿಗೆ ಓಡಿ ಪ್ರಿಂಟ್ ಹಾಕಿ, ಬ್ಯಾಂಕಿನ ಫಾರ್ಮನ್ನು ನಾನೇ ಟೈಪ್ ಮಾಡಿದೆ. 'ಕಟ್ಟಡದ ವಿಧ' ಎಂಬುದರ ಮುಂದೆ 'ಇಲ್ಲ' ಎಂದು ಹೊಡೆದೆ. ನಾಲ್ಕಕ್ಕೆ ಮುಂಚೆ ಬ್ಯಾಂಕಿಗೆ ಮುಟ್ಟಿಸಿದೆ. ಮೊದಲ ಸಲ ಯಾರೂ ಏನೂ ಕೇಳಲಿಲ್ಲ.

ಬೆನ್ನು ಉರಿಯುತ್ತಿತ್ತು. ಸಂಜೆ ಸಾಲ ಮಂಜೂರಾದ ಕಾಗದ ನೋಡಿದ ಯಜಮಾನರು ಅಂಗಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಇದೇನೇ, ಒರಗಿ ಕೂರೋಕೂ ಆಗ್ತಿಲ್ವಲ್ಲ ನಿಂಗೆ?" ಎಂದರು.

"ಬೇಸಿಗೆ" ಎಂದೆ.