ನಡುಮನೆಯಲ್ಲಿ ಸರಿದದ್ದೇನು

ಸಂಗನಬಸಪ್ಪ ತೀರಿಕೊಂಡ ಸುದ್ದಿ ಬಂದಾಗ ಅವನ ಅಕ್ಕ ಬಂಗಾರೆವ್ವ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ದುಃಖಕ್ಕಲ್ಲ, ದೇವರಿಗೂ ಅಲ್ಲ, ತಮ್ಮನ ಸಂಶೋಧನೆಗೆ. ಕಡಲಾಚೆಯ ಫ್ರೀಮಾಂಟಿನ ಆ ಮನೆಯಲ್ಲಿ ದಿನಾ ಬೆಳಿಗ್ಗೆ ನಡೆಯುತ್ತಿದ್ದ ಕೆಲಸವದು. ಆಕೆ, ಅಡುಗೆಮನೆಯೂ ಒಂದಾಗಿದ್ದ ನಡುಮನೆಯ ಬಾಗಿಲಲ್ಲಿ ನಿಂತು ಒಳಗಿನದನ್ನೆಲ್ಲ ಒಮ್ಮೆ ದಿಟ್ಟಿಸಿ ನೋಡಿ ಕಣ್ಣು ಮುಚ್ಚಬೇಕು. ಅಷ್ಟರಲ್ಲಿ ಒಬ್ಬರು ಯಾವುದಾದರೂ ಒಂದು ವಸ್ತುವನ್ನು ಬೇರೆ ಕಡೆ ಇಡುತ್ತಾರೆ. ಆಕೆ ಕಣ್ಣು ತೆರೆದು, ಸರಿದದ್ದು ಯಾವುದೆಂದು ಹೇಳಬೇಕು. ಆ ದಿನ ವಸ್ತು ಸರಿಸಲು ಬಂದಿದ್ದವಳು ಅಮಿತಾ, ತಮ್ಮನ ಲ್ಯಾಬಿನಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯ ಹೆಂಗಸು. ಅವಳ ಫೋನು ಸದ್ದು ಮಾಡಿತು. ಇಂಗ್ಲಿಷಿನಲ್ಲಿ ಏನೋ ಕೇಳಿದಳು.

ಬಂಗಾರೆವ್ವ ಕಾದಳು. ಹೇಳುವ ತನಕ ಕಣ್ಣು ತೆರೆಯಕೂಡದೆಂದು ತಮ್ಮನೇ ನಿಯಮ ಹಾಕಿದ್ದ. ಕಾಲು ಸೋತು, ಕಡೆಗೆ ತಾನಾಗಿಯೇ ಕಣ್ಣು ತೆರೆದು ಸುತ್ತ ನೋಡಿದಳು.

"ಇವತ್ತೇನೂ ಸರಿದಿಲ್ಲಲ್ಲವಾ," ಎಂದಳು.

ಅಮಿತಾ ಫೋನನ್ನು ಎದೆಗೊತ್ತಿಕೊಂಡು ಸೋಫಾದ ಅಂಚಿನಲ್ಲಿ ಕುಳಿತಿದ್ದಳು. ಲ್ಯಾಬಿನ ಮುಂದೆ ಕಾರಿನಿಂದಿಳಿದವನು ಎದೆ ಹಿಡಿದುಕೊಂಡು ಅಲ್ಲೇ ಕುಸಿದನಂತೆ. ಆಂಬ್ಯುಲೆನ್ಸು ಬರುವುದರೊಳಗೆ ಎಲ್ಲ ಮುಗಿದಿತ್ತು.

ಕಂಡದ್ದು ಕಣ್ಮರೆಯಾದ ಮೇಲೆ ಮನಸ್ಸು ಅದನ್ನು ಅದರ ಜಾಗದಲ್ಲೇ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಸಂಗನಬಸಪ್ಪನ ವಿಷಯ. ಅದರ ಮೇಲೆ ಅವನು ಬರೆದದ್ದನ್ನು ದೂರ ದೂರದವರು ಓದುತ್ತಿದ್ದರು. ಇಷ್ಟು ತಿಳಿದವನಿಗೆ ಕಾರು ನಿಲ್ಲಿಸಿದ ಜಾಗ ಮಾತ್ರ ಒಂದು ದಿನವೂ ನೆನಪಿರುತ್ತಿರಲಿಲ್ಲ. ಮದುವೆಯಾಗುವುದೂ ಹಾಗೆಯೇ ಮರೆತುಹೋಯಿತೆಂದು ಅಕ್ಕ ಹಂಗಿಸುತ್ತಿದ್ದಳು. ಗಂಡ ಸತ್ತ ಮೇಲೆ ಆಕೆ ಇವನ ಮನೆಗೆ ಬಂದಳು. ಪೂಜೆಗೆ ಕುಳಿತು, ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ದಿಟ್ಟಿಸಿ, ಕಣ್ಣು ಮುಚ್ಚಿ ಮನಸ್ಸಿನಲ್ಲೂ ಅದನ್ನೇ ಕಾಣುವ ಅಕ್ಕನನ್ನು ನೋಡಿ ಅವನಿಗೊಂದು ಯೋಚನೆ ಹೊಳೆಯಿತು. ಹುಟ್ಟಿದಾರಭ್ಯ ಹೀಗೆ ಮಾಡಿದವಳ ನೆನಪು ಮುಪ್ಪಿನಲ್ಲೂ ಗಟ್ಟಿಯಾಗಿರಬಹುದಲ್ಲ! ಸ್ವಂತ ಅಕ್ಕನ ಮೇಲೆ ಪ್ರಯೋಗವೇ ಎಂದು ವಿಶ್ವವಿದ್ಯಾಲಯದ ಸಮಿತಿ ತಕರಾರು ತೆಗೆಯಿತು. ಅದನ್ನೂ ಒಪ್ಪಿಸಿದ. ಆಕೆ ಒಂದು ದಿನವೂ ತಪ್ಪು ಹೇಳಲಿಲ್ಲ.

ಅವನನ್ನು ಗಿಲ್‌ರಾಯ್ ಕಡೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ವಿಭೂತಿ ಹಚ್ಚಿ, ಲಿಂಗವನ್ನು ಕೈಯಲ್ಲಿಟ್ಟು ಕಳಿಸಿದರು. ಅದು ಬೆಳ್ಳುಳ್ಳಿ ಬೆಳೆಯುವ ಸೀಮೆ, ಗಾಳಿಯಲ್ಲೆಲ್ಲ ಅದರದೇ ವಾಸನೆ. ಹಸಿದವರು ಅದನ್ನು ಮೂಸುತ್ತ, ಮೂಸಿದ್ದಕ್ಕೆ ನಾಚುತ್ತ ನಿಂತಿದ್ದರು.

ಮರುದಿನ ಬೆಳಿಗ್ಗೆ ಅಮಿತಾ ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಮುಖ ಬಾತಿತ್ತು, ಕೈಯಲ್ಲಿ ಎಂದಿನಂತೆ ಟ್ಯಾಬ್ಲೆಟ್ಟಿತ್ತು. ಹೆಚ್ಚು ದಿನ ತಪ್ಪಿದರೆ ಇಡೀ ಕೆಲಸ ಕೆಡುತ್ತದೆಂದು ಸರ್ ಬರೆದಿಟ್ಟಿದ್ದರಂತೆ. ಬಂಗಾರೆವ್ವ ಯೋಚಿಸಿದಳು. ನಮ್ಮಲ್ಲಿ ಸೂತಕವಿಲ್ಲ, ಲಿಂಗಪೂಜೆ ಸಾವಿನ ದಿನವೂ ನಿಲ್ಲುವುದಿಲ್ಲ. ಈ ಲ್ಯಾಬಿನವರಲ್ಲಿಯೂ ಸೂತಕವಿಲ್ಲವೆಂದಾಯಿತು. ಎದ್ದು ಹೋಗಿ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿದಳು.

ತೊಂದರೆ ಬಂದದ್ದು ಕಂಪ್ಯೂಟರಿನಿಂದ. ದಿನಾ ಏನನ್ನು ಸರಿಸಬೇಕೆಂದು ಟ್ಯಾಬ್ಲೆಟ್ಟಿನಲ್ಲಿ ತಿಳಿಸುವುದು ಅದೇ, ಆದರೆ ಅದು ವಸ್ತುವನ್ನು ಹೆಸರಿಸುವುದಿಲ್ಲ, ಜಾಗವನ್ನು ಹೇಳುತ್ತದೆ. ಆ ಜಾಗದಲ್ಲಿ ಏನಿದೆಯೋ ಅದನ್ನು ಸರಿಸಬೇಕು. ಅಂದು ಅದು ಗೋಡೆಯ ಗೂಡನ್ನು ಹೇಳಿತು. ಗಡಿಯಾರವಿದ್ದ ಆ ಗೂಡಿನಲ್ಲಿ ಈಗ ಹಾರ ಹಾಕಿದ ಸಂಗನಬಸಪ್ಪನ ಫೋಟೊ ಇತ್ತು. ಬಂಗಾರೆವ್ವ ಕಣ್ಣು ತೆರೆದಾಗ ಮೈಕ್ರೋವೇವಿನ ಮೇಲೆ ತಮ್ಮ ನಗುತ್ತಿದ್ದ. ಆಕೆ ಬೆರಳು ತೋರಿಸಿದಳು. ಉತ್ತರ ಸರಿಯೆಂದು ಟ್ಯಾಬ್ಲೆಟ್ಟು ಇಂಪಾದ ಸದ್ದು ಮಾಡಿತು.

ಇನ್ನೊಂದು ದಿನ ಮಾತನಾಡಿಸಲು ಬಂದ ಗುಣಪಾಲರು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು. ಸಂಗನಬಸಪ್ಪನ ಜೊತೆಯಲ್ಲೇ ಪಾಠ ಹೇಳಿ ನಿವೃತ್ತರಾದ ಹಿರಿಯರು. ಕಂಪ್ಯೂಟರು ಕಿಟಕಿಯ ಬಳಿಯ ಜಾಗ ಎಂದಿತು. ಅಮಿತಾ ಸಂಕೋಚದಿಂದ ಸಂಗತಿ ತಿಳಿಸಿದಳು. ಅವರು ಮನಶ್ಶಾಸ್ತ್ರ ಬಲ್ಲವರು, ಬೇಸರಪಡಲಿಲ್ಲ. ಕಾಫಿ ಲೋಟ ಎತ್ತಿ ಹಿಡಿದು, ಕುರ್ಚಿಯೊಡನೆ ತಳ್ಳಿಸಿಕೊಂಡು ಫ್ರಿಜ್ಜಿನ ಬಳಿ ಹೋದರು. ಸಂತಾಪದ ಮಾತನ್ನು ಅಲ್ಲಿಂದಲೇ, ಸ್ವಲ್ಪ ಗಟ್ಟಿಯಾಗಿ, ಮುಂದುವರಿಸಿದರು.

ಇದೆಲ್ಲವನ್ನೂ ಬಂಗಾರೆವ್ವ ತಾಳಿಕೊಳ್ಳುತ್ತಿದ್ದಳು. ತಾಳಲಾಗದ್ದು ಬೇರೆಯಿತ್ತು. ಪೂಜೆಗೆ ಕುಳಿತು ಕಣ್ಣು ಮುಚ್ಚಿದರೆ ಲಿಂಗ ನಿಲ್ಲುತ್ತಿರಲಿಲ್ಲ. ಸೋಫಾ, ದೀಪ, ಟೀವಿಯ ರಿಮೋಟು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತಿದ್ದವು. ಅವುಗಳ ನಡುವೆ ತಮ್ಮ. ಅವನಿಗೆ ಶಾಂತಿ ಸಿಗಲೆಂದು ಕೇಳಿಕೊಳ್ಳಲು ಬಾಯಿ ತೆರೆದರೆ, ಅವನು ಅಲ್ಲೇ ಇದ್ದಾನಲ್ಲ, ಕೇಳುವುದೇನು ಎನಿಸಿ ಮಾತು ನಿಂತುಬಿಡುತ್ತಿತ್ತು. ಪೂಜೆಯಾಗದೆ ಊಟವಿಲ್ಲ ಎಂಬುದು ಆಕೆಯ ವ್ರತ. ಅರ್ಧ ಪೂಜೆಗೆ ಅರ್ಧ ರೊಟ್ಟಿ ಎಂದು ತಾನೇ ಲೆಕ್ಕ ಹಾಕಿಕೊಂಡು ಇಳಿದುಹೋದಳು. ಪಕ್ಕದ ಬೀದಿಯ ಕಮಲವ್ವ ಬಂದು, ತಮ್ಮನ ಹಿಂದೆಯೇ ಹೊರಟಿದ್ದೀಯೇನು, ಟಿಕೆಟ್ಟು ತೆಗೆಸಿದ್ದೀಯೇನು ಎಂದು ಬೈದಳು.

ಆಕೆ ಇಳಿದುಹೋದದ್ದನ್ನು ಅಮಿತಾ ನೋಡಿದಳು. ಈ ಪ್ರಯೋಗವನ್ನು ಮುಗಿಸಿಬಿಡಿ ಎಂದು ಸಮಿತಿಗೆ ಬರೆದಳು. ಮುಗಿಸುವ ಅಧಿಕಾರ ಮುಖ್ಯ ಸಂಶೋಧಕರದು, ಅವರನ್ನು ಕೇಳಿ ಎಂದು ಉತ್ತರ ಬಂತು. ಅವರು ತೀರಿಕೊಂಡಿದ್ದಾರೆ ಎಂದು ಮತ್ತೆ ಬರೆದಳು. ಸಮಿತಿ ಅದನ್ನು ಖಚಿತಪಡಿಸಿಕೊಳ್ಳಲು ನೇರವಾಗಿ ಸಂಗನಬಸಪ್ಪನಿಗೇ ಇಮೇಲು ಕಳಿಸಿತು. ಸಾಯುವ ಮುನ್ನ ಅವನೊಂದು ಪ್ರವಾಸಕ್ಕೆ ಅಣಿಯಾಗಿದ್ದ. ಅವನ ಇಮೇಲು ತಾನಾಗಿಯೇ, 'ಪ್ರವಾಸದಲ್ಲಿದ್ದೇನೆ, ಮರಳಿದ ಮೇಲೆ ಉತ್ತರಿಸುತ್ತೇನೆ' ಎಂದು ವಿನಯದಿಂದ ಉತ್ತರ ಕೊಟ್ಟಿತು. ಹಾಗಾದರೆ ಮರಳುವವರೆಗೆ ಕಾಯೋಣ ಎಂದು ಸಮಿತಿ ತೀರ್ಮಾನಿಸಿತು.

ಉಳಿದದ್ದು ಒಂದೇ ದಾರಿ. ಬಂಗಾರೆವ್ವ ತಾನೇ ಸಾಕು ಎನ್ನಬಹುದು, ಕಾರಣ ಕೊಡಬೇಕಾಗಿಲ್ಲ. ಆದರೆ ಹಾಗೆಂದರೆ ಇಲ್ಲಿಯವರೆಗಿನ ಆಕೆಯ ಉತ್ತರಗಳನ್ನೆಲ್ಲ ಅಳಿಸಿಹಾಕುತ್ತಾರೆ.

"ಸರ್ ಲಾಸ್ಟಿಗೆ ಮಾಡಿದ ಕೆಲ್ಸ ಇದೊಂದೇ ಆಂಟಿ," ಎಂದಳು ಅಮಿತಾ. "ಮತ್ತೆ ಎಂತದೂ ಉಳಿಯುದಿಲ್ಲ."

ಬಂಗಾರೆವ್ವ ಮರುದಿನವೂ ಬಾಗಿಲಿಗೆ ಬಂದು ನಿಂತಳು.

ಸತ್ತವರ ಹೆಸರಿನಲ್ಲಿ ಜಂಗಮರಿಗೆ ಉಣ್ಣಿಸುವ ಶಿವಗಣಾರಾಧನೆಯ ದಿನ ಬಂತು. ಕಮಲವ್ವ ಬೆಳಗಿನಿಂದ ಹೋಳಿಗೆ ಮಾಡಿದಳು. ಸ್ಯಾನ್ ಹೊಸೆಯಿಂದ ಅಯ್ಯನವರು ಬಂದರು. ವಾರದ ದಿನಗಳಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರು, ಶನಿವಾರ ಭಾನುವಾರ ಜಂಗಮರು, ದೊಡ್ಡ ಮೈಯವರು. ಬಂಗಾರೆವ್ವ ಅವರ ಪಾದ ತೊಳೆದು ಸೋಫಾದಲ್ಲಿ ಕೂರಿಸಿದಳು. ಬಂದವರು ಊಟಕ್ಕೆ ಕುಳಿತರು. ಆಕೆ ಮಾತ್ರ, ಪೂಜೆ ಅಂದೂ ಅರ್ಧಕ್ಕೇ ನಿಂತದ್ದರಿಂದ, ಏನೂ ಮುಟ್ಟಲಿಲ್ಲ. ಅಷ್ಟು ಹೊತ್ತಿಗೆ, ಅಂದು ತಡವಾಗಿದ್ದ ಅಮಿತಾ ಟ್ಯಾಬ್ಲೆಟ್ಟು ಹಿಡಿದು ಬಂದು, ಪರದೆಯನ್ನೂ ಸೋಫಾವನ್ನೂ ನೋಡಿ ಬೆವರಿದಳು. ಕಂಪ್ಯೂಟರು ಸೋಫಾದ ಬಲತುದಿಯನ್ನು ಹೇಳಿತ್ತು.

ಅಯ್ಯನವರಿಗೆ ವಿಷಯ ತಿಳಿಸಿದರು. ಅವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಎಲ್ಲವನ್ನೂ ಕೇಳಿದರು.

"ಏಳೂದಕ್ಕೇನ್ರಿ, ಏಳ್ತೀನಿ," ಎಂದರು. "ಒಂದ ಕಡೆ ಕುಂತ್ರ ಜಂಗಮ ಅಂತಾರೇನು? ತಾಟು ಮಾತ್ರ ನನ್ನ ಜೋಡೀನ ಬರಬೇಕು."

ಬಂಗಾರೆವ್ವ ಕಣ್ಣು ಮುಚ್ಚಿದಳು. ಬಂದವರಲ್ಲಿ ಇಬ್ಬರು ಇಂಜಿನಿಯರುಗಳು ಅಯ್ಯನವರನ್ನು ಅಡುಗೆ ಕಟ್ಟೆಯ ಬಳಿಯ ಎತ್ತರದ ಸ್ಟೂಲಿನ ಮೇಲೆ ಏರಿಸಿದರು. ತಾಟನ್ನು ಗುಣಪಾಲರು ಹಿಡಿದುಕೊಂಡರು. ಬಂದವರೆಲ್ಲ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಉಸಿರು ಬಿಗಿಹಿಡಿದರು. ಮುಚ್ಚಿದ ಕಣ್ಣಿನೊಳಗೆ ಬಂಗಾರೆವ್ವನಿಗೆ ಇಡೀ ನಡುಮನೆ ಕಂಡಿತು. ಎಲ್ಲವೂ ಇದ್ದಲ್ಲೇ ಇತ್ತು. ದೀಪದ ಪಕ್ಕದಲ್ಲಿ ತಮ್ಮ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು, ಅಕ್ಕ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದ.

"ಕಣ್ಣು ಬಿಡಿ ಆಂಟಿ. ಏನು ಬದಲಾಗಿದೆ, ಹೇಳಿ."

ಆಕೆ ಕಣ್ಣು ತೆರೆದು ದೀಪದ ಕಡೆ ನೋಡಿದಳು.

"ಸಂಗೂ ಇಲ್ಲ," ಎಂದಳು.

ಅಮಿತಾ ಟ್ಯಾಬ್ಲೆಟ್ಟನ್ನು ಮೇಲೆ ಕೆಳಗೆ ಉಜ್ಜಿದಳು. "ಅದು ಇದರಲ್ಲಿ ಇಲ್ಲ ಆಂಟಿ. ಸೋಫಾದ ಬದಿ ಅಂತ ಒತ್ತಲಾ?"

"ಅಯ್ಯನವರು ಸ್ಟೂಲಿನ ಮ್ಯಾಲ ಅದಾರ, ಕಾಣಸ್ತದ. ನೀ ಕೇಳಿದ್ದೇನು? ಬದಲಾದದ್ದು ಕೇಳಿದಿ. ನನ್ನ ತಮ್ಮ ಇಲ್ಲ. ಅದನ್ನ ಬರಿ."

ಬರೆಯಲು ಜಾಗವಿರಲಿಲ್ಲ. ಹೊತ್ತು ಮೀರಿತೆಂದು ಟ್ಯಾಬ್ಲೆಟ್ಟು ಕೆಟ್ಟ ಸದ್ದು ಮಾಡಿತು. ಪ್ರಯೋಗ ಆರಂಭವಾದ ಮೇಲೆ ಆಕೆಯದು ಅದೇ ಮೊದಲ ತಪ್ಪು.

"ಸಾಕು ಮಾಡವಾ," ಎಂದಳು ಬಂಗಾರೆವ್ವ.

ಕಮಲವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ನಿನ್ನ ತಮ್ಮ ಜೀವ ತೇಯ್ದು ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದಲ್ಲೇ ಎಂದಳು.

"ಹೋಗ್ಲಿ," ಎಂದಳು ಬಂಗಾರೆವ್ವ. "ದಿನಾ ಕಣ್ಣ ತಗದಾಗ ಅಂವಾ ಬಂದಿರ್ತಾನೇನೋ ಅಂತ ನೋಡಾಕತ್ತಿದ್ದೆ ಕಮಲಾ. ಕೆಲಸಕ್ಕಂತ ಅಲ್ಲ, ಇದಕ್ಕಂತ ನಿಂದರತಿದ್ದೆ. ನಾ ಹಿಂಗ ಹಿಡದಿಟ್ರ ಅಂವಾ ಹ್ಯಾಂಗ ಹೋಗಬೇಕು?"

ಅಮಿತಾ ಮೂಗು ಒರೆಸಿಕೊಂಡು ಬೆರಳೊತ್ತಿದಳು. ಖಂಡಿತವೇ ಎಂದು ಯಂತ್ರ ಕೇಳಿತು, ಖಂಡಿತ ಎಂದಳು. ಎಲ್ಲ ಅಳಿಸಿಹೋಯಿತು. ಕೊನೆಗೆ, ಈ ಪ್ರಯೋಗದಲ್ಲಿ ಭಾಗವಹಿಸಿದ ಅನುಭವಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು.

"ಅದಾವಷ್ಟೂ ಕೊಡು," ಎಂದಳು ಬಂಗಾರೆವ್ವ. "ನನ್ನ ತಮ್ಮ ಮಾಡಿದ್ದು."

ಇನ್ನು ಇಳಿಯಬಹುದೇ ಎಂದು ಅಯ್ಯನವರು ಸ್ಟೂಲಿನ ಮೇಲಿಂದ ಮೆಲ್ಲಗೆ ವಿಚಾರಿಸಿದರು. ಅವರನ್ನು ಇಳಿಸುವ ಗಡಿಬಿಡಿ ಒಂದು ಕಡೆ ನಡೆದಿರುವಾಗಲೇ ಬಂಗಾರೆವ್ವ ಕೈಕಾಲು ತೊಳೆದು ಬಂದು, ಗೋಡೆಯ ಕಡೆ ಮುಖ ಮಾಡಿ ಮಣೆಯ ಮೇಲೆ ಕುಳಿತಳು. ವಿಭೂತಿ ಧರಿಸಿ, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ದಿಟ್ಟಿಸಿದಳು. ಕಣ್ಣು ಮುಚ್ಚಿದಳು. ಸೋಫಾ ಬರಲಿಲ್ಲ, ದೀಪ ಬರಲಿಲ್ಲ. ಕತ್ತಲೆಯಲ್ಲಿ ಲಿಂಗವೊಂದೇ ನಿಂತಿತು. ತುಟಿ ತಾನಾಗಿಯೇ ಆಡಿತು.

"ಶಿವನೇ, ನನ್ನ ತಮ್ಮ ಸಂಗನಬಸಪ್ಪನ್ನ ನಿನ್ನೊಳಗ ಸೇರಿಸ್ಕೋ. ನಾ ಕೈ ಬಿಟ್ಟೀನಿ, ನೀ ಹಿಡಿ. ಅಂವನ ಜೀವಕ್ಕ ಶಾಂತಿ ಕೊಡು, ನನ್ನಪ್ಪಾ."