ತಾಮ್ರದ ಕೊಡದ ನೀರು

ಕೊಟ್ಟೂರಿನ ನಾಗೇಂದ್ರಪ್ಪ ಮೇಷ್ಟ್ರು ಮಹಡಿ ಮನೆ ಬಾಡಿಗೆಗೆ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ಈ ಮನೆಯ ಒಲೆಯ ಮೇಲೆ ಮಾಂಸ, ಮೀನು ಬೇಯಕೂಡದು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುವ ಪ್ರಿಯಾ ಒಪ್ಪಿದಳು. ಅವಳ ತಾಯಿ ಮಾಳಮ್ಮ ಕೈಮುಗಿದು ಒಪ್ಪಿದಳು. ಎಂಟು ತಿಂಗಳಲ್ಲಿ ಒಂದು ಮೊಟ್ಟೆಯೂ ಆ ಮೆಟ್ಟಿಲು ಹತ್ತಲಿಲ್ಲ. ನಾಲಿಗೆ ಬೇಡಿದ ದಿನ ತಾಯಿ ಮಗಳು ಬಸ್ಸು ಹತ್ತಿ ತೆಲಿಗಿಯಲ್ಲಿದ್ದ ಮಾಳಮ್ಮನ ತಂಗಿಯ ಮನೆಗೆ ಹೋಗಿ ಉಂಡು, ಬಾಯಿ ಮುಕ್ಕಳಿಸಿ ಬರುತ್ತಿದ್ದರು.

ಮೀನು ಬಂದದ್ದು ಜೀವದೊಂದಿಗೆ, ಗಾಜಿನ ಪೆಟ್ಟಿಗೆಯಲ್ಲಿ. ಎರಡಡಿ ಉದ್ದದ ಪೆಟ್ಟಿಗೆ, ತಳಕ್ಕೆ ಕಪ್ಪು ಮರಳು, ಅದರಲ್ಲಿ ಬೇರು ಬಿಟ್ಟ ಹಸಿರು ಗಿಡಗಳು, ಒಂದು ಕೊರಡಿಗೆ ಹಬ್ಬಿಸಿದ ಪಾಚಿ. ಬಾಲ ಬೀಸುವ ಎಂಟು ಗಪ್ಪಿ ಮೀನು, ನಲವತ್ತರ ಮೇಲೆ ಕೆಂಪು ಸೀಗಡಿ. ಮಗಳ ಹುಚ್ಚಿಗೆ ಮೊದಲು ನಕ್ಕ ಮಾಳಮ್ಮನೇ ಆಮೇಲೆ ಅದರ ಮುಂದೆ ಕೂತವಳು. ಹೊಸಹಳ್ಳಿಯ ಸಂತೆಯಲ್ಲಿ ಅವಳು ಕಂಡಿದ್ದ ಸೀಗಡಿ ಒಣಗಿ ಹೊಟ್ಟಿನಂತೆ ರಾಶಿ ಬಿದ್ದದ್ದು. ಇಲ್ಲಿ ಅವು ಹೊಲದಲ್ಲಿ ಕಳೆ ಕೀಳುವ ಹೆಂಗಸರ ಸಾಲಿನಂತೆ ಪಾಚಿ ಹೆಕ್ಕಿ ತಿನ್ನುತ್ತ ಸಾಗುತ್ತಿದ್ದವು. ಪುಟ್ಟ ಕೈಗಳಿಗೆ ಒಂದು ಗಳಿಗೆಯೂ ಬಿಡುವಿಲ್ಲ. ಬೆಳಗಿನ ಭಜನೆಪದವನ್ನು ಅವಳು ಈಗ ಅವುಗಳ ಮುಂದೆಯೇ ಗುನುಗುತ್ತಿದ್ದಳು.

ಗುರುವಾರ ನಲ್ಲಿ ನೋಡಲೆಂದು ಮೇಲೆ ಬಂದ ಮೇಷ್ಟ್ರ ಕಣ್ಣು ಪೆಟ್ಟಿಗೆಯ ಮೇಲೆ ಬಿತ್ತು.

“ಇದೇನು ಮಾಳಮ್ಮ, ಮೀನಾ?”

“ನೋಡಾಕ ಸಾಕ್ಯಾಳ್ರಿ ಮೇಷ್ಟ್ರ, ನನ್ನ ಮಗಳು.”

“ಇವತ್ತು ನೋಡಾಕ, ನಾಳಿ ತಿನ್ನಾಕ. ನಿಮ್ಮ ಮಂದಿ ನಾಲಿಗಿ ನನಗ ಗೊತ್ತಿಲ್ಲೇನು? ಸೋಮವಾರದೊಳಗ ಈ ಪೆಟಗಿ ಕೆಳಗಿಳೀಬೇಕು. ಇಲ್ಲಾ ನೀವು ಇಳೀರಿ.”

ಸಂಜೆ ಪ್ರಿಯಾ ಕೇಳಿ ಚಪ್ಪಲಿ ಬಿಡುತ್ತಲೇ ಅಂದಳು, “ಇಳಿಸೂದಿಲ್ಲ.”

“ಬ್ಯಾರೆ ಮನಿ ಯಾರು ಕೊಡ್ತಾರಬೇ? ಆರು ಮನಿ ತಿರುಗಿದ್ವಿ. ಹೆಸರು ಕೇಳಿದ್ರು, ನೌಕರಿ ಕೇಳಿದ್ರು, ಊರಾಗ ಯಾವ ಓಣಿ ಅಂತ ಕೇಳಿದ್ರು. ಓಣಿ ಹೆಸರು ಹೇಳಿದ್ಮ್ಯಾಲೆ ಬಾಗಲಾ ಹಾಕ್ಕೊಂಡ್ರು.”

“ಅದಕ್ಕ ಇಳಿಸೂದಿಲ್ಲ, ಯವ್ವಾ.”

ಮಾಳಮ್ಮನಿಗೆ ಆ ಧೈರ್ಯವಿರಲಿಲ್ಲ. ಮೂವತ್ತು ವರ್ಷ ಹಾಸ್ಟೆಲಿನ ಕಸ ಗುಡಿಸಿ, ಬೈದವರಿಗೂ ತಲೆಬಾಗಿ ಮಗಳನ್ನು ಓದಿಸಿದವಳು. ಮಗಳಿಗೂ ನೋವಾಗಬಾರದು, ಮೇಷ್ಟ್ರಿಗೂ ಸಿಟ್ಟು ಬರಬಾರದು ಅಂತ ಯೋಚಿಸಿ ಒಂದು ದಾರಿ ಹುಡುಕಿದಳು. ಮೇಷ್ಟ್ರ ಹೆಂಡತಿ ದೇವರ ನೀರನ್ನು ತಾಮ್ರದ ಕೊಡದಲ್ಲೇ ಇಡುತ್ತಿದ್ದರು. ತಾಮ್ರದ ನೀರಿನಷ್ಟು ಮಡಿ ಯಾವುದೂ ಇಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದರು. ಮೀನಿರುವ ನೀರೇ ಮಡಿಯಾದರೆ ಮೇಷ್ಟ್ರು ಏನಂದಾರು?

ತನ್ನ ಮದುವೆಯ ಕೊಡವನ್ನು ಹುಣಸೆಹಣ್ಣು ಹಚ್ಚಿ ಹೊಸ ಬಂಗಾರದಂತೆ ಬೆಳಗಿದಳು. ನೀರು ತುಂಬಿ ಎರಡು ದಿನ ಇಟ್ಟಳು. ಮಗಳೂ ನಲ್ಲಿ ನೀರಿನ ಔಷಧಿ ವಾಸನೆ ಹೋಗಲೆಂದು ಹಾಗೆ ಎರಡು ದಿನ ನೀರನ್ನು ತೆರೆದಿಟ್ಟೇ ಪೆಟ್ಟಿಗೆಗೆ ಹಾಕುತ್ತಿದ್ದಳಲ್ಲ, ಆದರೆ ಪ್ಲಾಸ್ಟಿಕ್ ಬಕೀಟಿನಲ್ಲಿ. ಭಾನುವಾರ ಪ್ರಿಯಾ ಡ್ಯೂಟಿಗೆ ಹೋದ ಮೇಲೆ ಪೆಟ್ಟಿಗೆಯ ಅರ್ಧ ನೀರು ತೆಗೆದು, ದೇವರ ಹೆಸರು ಹೇಳುತ್ತ ಕೊಡ ಬಗ್ಗಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸೀಗಡಿಗಳು ಪಾಚಿ ಬಿಟ್ಟು ಗಾಜಿನ ಗುಂಟ ಮೇಲೆ ಮೇಲೆ ಓಡತೊಡಗಿದವು. ಆಮೇಲೆ ಒಂದೊಂದಾಗಿ ಮಗ್ಗುಲಾದವು.

ಮನೆಗೆ ಬಂದ ಪ್ರಿಯಾ ಬಗ್ಗಿ ನೋಡಿದಳು. “ಯವ್ವಾ, ನೀರು ಯಾತರಾಗ ಇಟ್ಟಿದ್ದಿ?”

“ತಾಮ್ರದ ಕೊಡದಾಗ. ಚಲೋ ಬೆಳಗಿದ್ನಲ್ಲ.”

ಪ್ರಿಯಾ ಹಣೆ ಹಿಡಿದುಕೊಂಡಳು. “ಮೀನು ತಡಕೊಂತಾವ. ಸೀಗಡಿಗೆ ತಾಮ್ರ ಅಂದ್ರ ವಿಷ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮಾಳಮ್ಮನಿಗೆ. ಇಬ್ಬರೂ ಚಹಾ ಸೋಸುವ ಜಾಲರಿಯಿಂದ ಉಸಿರಿದ್ದವನ್ನು ಎತ್ತಿ, ಬಕೀಟಿನ ನೀರಿದ್ದ ಟಬ್ಬಿಗೆ ಬಿಟ್ಟರು. ಹಿಂದೆಯೇ ಗಪ್ಪಿಗಳನ್ನೂ ಬಿಟ್ಟು, ಪೆಟ್ಟಿಗೆಯ ನೀರನ್ನೆಲ್ಲ ಚೆಲ್ಲಿದರು. ಸೋಮವಾರ ಬೆಳಿಗ್ಗೆಗೆ ಉಳಿದ ಸೀಗಡಿ ಹನ್ನೊಂದು.

ಮೇಷ್ಟ್ರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಗಿಡಗಳಷ್ಟೇ ಉಳಿದ ಪೆಟ್ಟಿಗೆ, ತಟ್ಟೆಯಲ್ಲಿ ಸತ್ತ ಕೆಂಪು ರಾಶಿ ಕಂಡು ಅವರ ಮುಖ ಅರಳಿತು.

“ನಾ ಹೇಳಿದ್ದು ದೇವರೇ ನಡೆಸಿದ ನೋಡು. ಇನ್ನೇನೈತಿ, ಇವನ್ನ ಚೆಲ್ಲಿ ಪೆಟಗಿ ಇಳಿಸ್ರಿ.”

ಪ್ರಿಯಾ ಬಾಯಿ ತೆರೆಯುವ ಮೊದಲೇ ಮಾಳಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು.

“ದೇವರ ಮ್ಯಾಲೆ ಹಾಕಬ್ಯಾಡ್ರಿ ಮೇಷ್ಟ್ರ. ನಾ ಕೊಂದೀನಿ. ನಿಮಗ ಅಂಜಿ ಕೊಂದೀನಿ. ನಿಮ್ಮ ಕಣ್ಣಿಗೆ ಮಡಿ ಕಾಣ್ಲಿ ಅಂತ ತಾಮ್ರದ ನೀರು ಹಾಕಿದ್ನಿ. ಅವು ಮದಲ ಮಡಿ ಇದ್ವು, ಅದು ನನಗ ತಿಳೀಲಿಲ್ಲ.”

“ಅದೆಲ್ಲಾ ನನಗ್ಯಾಕ? ಪೆಟಗಿ ಇಳಿಸು.”

“ಇಳಿಸಂಗಿಲ್ರಿ. ನಾವೂ ಇಳಿಯಂಗಿಲ್ಲ. ಕರಾರು ಇನ್ನ ಮೂರು ತಿಂಗಳ ಐತಿ. ಒಲಿ ಮ್ಯಾಲಿನ ಮಾತಿಗೆ ನಾವು ತಪ್ಪಿಲ್ಲ. ಬರ್ರಿ ಒಳಗ, ಒಂದೊಂದು ಗಡಿಗಿ ಮೂಸಿ ನೋಡ್ರಿ.”

“ಏನಬೇ, ಎದುರು ಮಾತಾಡಾಕ ಕಲ್ತೀ?”

“ಐವತ್ತೆಂಟು ವರ್ಸಕ್ಕ ಕಲ್ತೀನ್ರಿ. ತಡ ಆತು. ಮೇಷ್ಟ್ರಾದ ನೀವು ಬೇಶ್ ಅನ್ನಬೇಕು.”

ಪ್ರಿಯಾಳ ನಗು ತಡೆಯದೆ ಹೊರಬಿತ್ತು. ಮೇಷ್ಟ್ರು ಅಡುಗೆಮನೆಯ ಕಡೆ ಒಮ್ಮೆ ನೋಡಿದರು, ಒಳಗೆ ಕಾಲಿಡಲಿಲ್ಲ. “ಮೂರು ತಿಂಗಳಾಗಲಿ, ಆಮ್ಯಾಲೆ ನೋಡ್ತೀನಿ” ಅಂದರು.

“ನೋಡ್ರಿ. ಬೇಕಾರ ಕುರ್ಚಿ ಹಾಕ್ಕೊಡ್ತೀನಿ, ಕುಂತು ನೋಡ್ರಿ.”

ಅವರ ಚಪ್ಪಲಿಯ ಸದ್ದು ಕೆಳಗಿಳಿಯಿತು. ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೆಟ್ಟಿಗೆಯ ಹತ್ತಿರ ಬಂದಳು.

“ಹಿಡಿಬೇ ಆಕಡಿ. ನೀರಿಲ್ಲದಾಗನ ಎತ್ತಿಬಿಡೂಣು.”

“ಎಲ್ಲಿಗೆ?”

“ಕಿಡಕಿಗೆ. ಮೆಟ್ಟಲ ಹತ್ತಿ ಬಂದೋರಿಗೆ ಮದಲ ಅದೇ ಕಾಣಬೇಕು.”

“ಬಿಸಲು ಬೀಳ್ತೈತಿ ಯವ್ವಾ, ಗಾಜಿಗೆಲ್ಲಾ ಪಾಚಿ ಕಟ್ತೈತಿ.”

“ಕಟ್ಟಲಿ,” ಅಂದಳು ಮಾಳಮ್ಮ, ಪೆಟ್ಟಿಗೆಯ ಒಂದು ಮಗ್ಗುಲಿಗೆ ಕೈಕೊಟ್ಟು. “ಹನ್ನೊಂದು ಬಾಯಿ ಅದಾವ. ತಿಂತಾವ.”