ಆರೋಗ್ಯವಂತರ ಗುಂಪು

ಹಸಿರು ಮುಚ್ಚಳದ ಗಾಜಿನ ಕೊಳವೆ ಕಂಡರೆ ಈಗಲೂ ನನಗೆ ಒಂದು ಬಳೆ ಅಂಗಡಿ ನೆನಪಾಗುತ್ತದೆ. ಸಂಶೋಧನೆಗೆಂದು ಹೋಗಿದ್ದ ಒಂದು ಊರಿನ ಆಸ್ಪತ್ರೆಯಲ್ಲಿ ನಾವು ಎರಡು ಬಣ್ಣದ ಮುಚ್ಚಳ ಇಟ್ಟುಕೊಂಡಿದ್ದೆವು. ಸ್ತನ ಕ್ಯಾನ್ಸರ್ ಬಂದವರ ರಕ್ತಕ್ಕೆ ಕೆಂಪು, ಬಾರದವರ ರಕ್ತಕ್ಕೆ ಹಸಿರು. ಎರಡನ್ನೂ ಹೋಲಿಸಿ, ವಂಶವಾಹಿಯ ಯಾವ ಸಣ್ಣ ವ್ಯತ್ಯಾಸ ರೋಗವನ್ನು ಹತ್ತಿರ ಕರೆಯುತ್ತದೆ ಎಂದು ಹುಡುಕುವುದು ನಮ್ಮ ಕೆಲಸ.

ಕೆಂಪಿನವರು ಬೇಕಾದಷ್ಟು ಸಿಕ್ಕರು. ಹಸಿರಿನವರಿಗಾಗಿ ಬೀದಿ ಬೀದಿ ಅಲೆಯಬೇಕಾಯಿತು. ಚೆನ್ನಾಗಿರುವವರು ಸುಮ್ಮಸುಮ್ಮನೆ ಸೂಜಿ ಚುಚ್ಚಿಸಿಕೊಳ್ಳುತ್ತಾರೆಯೇ? ಬಳೆ ಅಂಗಡಿಯ ಅಶ್ವತ್ಥಮ್ಮ ಮಾತ್ರ ಕರೆದ ಕೂಡಲೇ ಬಂದಳು. ಅವಳ ತಾಯಿ, ಅಕ್ಕ ಇಬ್ಬರೂ ಇದೇ ರೋಗದಲ್ಲಿ ಹೋಗಿದ್ದರು.

"ಊರಿನ ಹೆಂಗಸರ ಕೈಯೆಲ್ಲಾ ನಾನು ಹಿಡೀತೀನಿ. ನನ್ನ ಕೈ ಹಿಡಿದೋಳು ನೀನೊಬ್ಳೇ ಕಣವ್ವ," ಎಂದು ನಕ್ಕಳು.

ಜನ ಬರಲೆಂದು ನಾನೇ ಒಂದು ಉಪಾಯ ಮಾಡಿದ್ದೆ. ರಕ್ತ ಕೊಟ್ಟವರಿಗೆ ಒಂದು ಚೀಟಿ: ಹೆಸರು, ಕೆಳಗೆ 'ಆರೋಗ್ಯವಂತರ ಗುಂಪು', ಆಸ್ಪತ್ರೆಯ ಮೊಹರು. ಅಶ್ವತ್ಥಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಅದು ಪರೀಕ್ಷೆಯ ಫಲಿತಾಂಶವಲ್ಲ, ಇವತ್ತಿನವರೆಗೆ ರೋಗ ಬಂದಿಲ್ಲವೆಂದು ಅವಳು ಹೇಳಿದ್ದನ್ನೇ ನಾವು ಬರೆದುಕೊಂಡದ್ದು ಎಂದು ಬಿಡಿಸಿ ಹೇಳಬೇಕಿತ್ತು. ಚೀಟಿಯ ಆಸೆಗೆ ಬಂದ ಇನ್ನೂ ಹತ್ತು ಜನ ಹೊರಗೆ ಕಾದಿದ್ದರು. ನಾನು ಹೇಳಲಿಲ್ಲ.

ಎರಡು ವರ್ಷದ ಮೇಲೆ ಅವಳನ್ನು ವಾರ್ಡಿನಲ್ಲಿ ಕಂಡೆ. ರೋಗ ಎಲುಬಿಗೆ ಇಳಿದಿತ್ತು. ಅವಳ ರಕ್ತ ಮಾತ್ರ ಹಸಿರು ಮುಚ್ಚಳದಡಿ ನಮ್ಮ ಫ್ರೀಜರಿನಲ್ಲಿ ಹಾಗೇ ಇತ್ತು.

"ಗಂಟು ಯಾವಾಗ ಸಿಕ್ತು ಅಮ್ಮಾ?"

"ಹೋದ ವರ್ಷವೇ. ನೀನೇ ಚೆನ್ನಾಗಿದೀಯ ಅಂತ ಸೀಲ್ ಹಾಕಿ ಕೊಟ್ಟಿದ್ಯಲ್ಲವ್ವ, ಅದಕ್ಕೇ ಹೆದರಲಿಲ್ಲ."

ದೂರುವ ದನಿಯಲ್ಲ ಅದು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಪಕ್ಕದಲ್ಲಿ ಹತ್ತೊಂಬತ್ತರ ಮಗಳು ಕಮಲಾಕ್ಷಿ ಕುಳಿತಿದ್ದಳು. "ನಂದು ಬಿಡು. ಇವಳ ರಕ್ತ ನೋಡಿ ಹೇಳು, ಇವಳಿಗೂ ಬರುತ್ತಾ?" ಎಂದಳು ಅಶ್ವತ್ಥಮ್ಮ. ಹುಡುಗಿ ಆಗಲೇ ತೋಳು ಚಾಚಿದ್ದಳು.

ಅಷ್ಟು ವರ್ಷ ಹುಡುಕಿ ನಮಗೆ ಸಿಕ್ಕಿದ್ದು ಒಂದೇ ಒಂದು ವ್ಯತ್ಯಾಸ. ಹತ್ತರಲ್ಲಿ ನಾಲ್ಕು ಜನರಲ್ಲಿ ಅದು ಇತ್ತು. ಇದ್ದವರಿಗೆ ಅಪಾಯ ಕೂದಲೆಳೆಯಷ್ಟು ಹೆಚ್ಚು. ಅವರಲ್ಲೂ ಬಹಳ ಮಂದಿಗೆ ಏನೂ ಆಗುತ್ತಿರಲಿಲ್ಲ. ಇಲ್ಲದವರಿಗೂ ರೋಗ ಬರುತ್ತಿತ್ತು.

"ನಮ್ಮ ಪರೀಕ್ಷೆಯಿಂದ ಇವಳೊಬ್ಬಳ ವಿಷಯ ಹೇಳೋಕಾಗಲ್ಲ ಅಮ್ಮಾ," ಎಂದೆ. "ಗಂಟು ಅಂತ ಅನುಮಾನ ಬಂದ ದಿನವೇ ಬರಲಿ. ಯಾರು ಏನೇ ಬರೆದುಕೊಟ್ಟಿರಲಿ, ಬರಲಿ."

ಅಶ್ವತ್ಥಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಕಮಲಾಕ್ಷಿ ತೋಳು ಚಾಚಿಕೊಂಡೇ ಕುಳಿತಿದ್ದಳು. ನಾನು ಸೂಜಿ ತಂದಿಲ್ಲವೆಂಬುದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.